ದೊರೆಯುವ ಸ್ಥಳ: ಬೋರಕ್ಕನ ಪುಟ್ಟಿ

ಠಾಣೆಯ ಮೆಟ್ಟಿಲು ಇಳಿದ ಮೇಲೆ ಬೋರಕ್ಕ ಮಾಡಿದ ಮೊದಲ ಕೆಲಸವೆಂದರೆ ಎದುರಿಗಿದ್ದ ಹೋಟೆಲಿಗೆ ಹೊಕ್ಕು ಒಂದು ತಟ್ಟೆ ಮಂಡಕ್ಕಿ, ಜೊತೆಗೆ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ತರಿಸಿಕೊಂಡು ತಿಂದದ್ದು. ಬೆಳಗಿನಿಂದ ಅವಳ ಗಂಟಲಲ್ಲಿ ನೀರೂ ಇಳಿದಿರಲಿಲ್ಲ. ಗಂಡ ಕೆಂಚಣ್ಣ ಎದುರಿಗೆ ಕೂತು ಅವಳು ತಿನ್ನುವುದನ್ನೇ ನೋಡುತ್ತಿದ್ದ. ಅವಳ ಕಣ್ಣು ಮೂಗಲ್ಲೆಲ್ಲ ನೀರು, ತುಟಿಯ ಮೇಲೆ ನಗು.

"ಅಳ್ತಿದ್ದೀಯೋ ನಗ್ತಿದ್ದೀಯೋ, ಎಲ್ಡ್ರಾಗೆ ಒಂದು ಹೇಳು," ಅಂದ ಕೆಂಚಣ್ಣ.

"ಇನ್ನೊಂದು ಮೆಣಸಿನಕಾಯಿ ಹೇಳು, ಆಮೇಲೆ ಹೇಳ್ತೀನಿ," ಅಂದಳು ಬೋರಕ್ಕ.

ಇದು ಎಪ್ಪತ್ತಾರನೇ ಇಸವಿಯ ಮಾತು. ಒಂದು ಹಾಡಿನ ಪುಸ್ತಕದ ಕೆಳಗೆ ತನ್ನ ಹೆಸರು ಹಾಕಿಸಿಕೊಂಡಳು ಅಂತ ಬೋರಕ್ಕ ಠಾಣೆಯ ಮೆಟ್ಟಿಲು ಹತ್ತಿದ್ದು. ಅದು ಹೇಗಾಯಿತು ಅಂತ ಹೇಳಬೇಕಾದರೆ ಅವಳು ತಲೆ ಮೇಲೆ ಹೊರುತ್ತಿದ್ದ ಪುಟ್ಟಿಯಿಂದಲೇ ಶುರು ಮಾಡಬೇಕು.

ಬೋರಕ್ಕ ಹುಟ್ಟಿದ್ದು ಹಿರಿಯೂರು ತಾಲೂಕಿನ ಹರಿಯಬ್ಬೆಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ನಾಲ್ಕನೇ ಕ್ಲಾಸಿನವರೆಗೆ ಓದಿದಳು. ಮದುವೆಯಾಗಿ ಹೊಸದುರ್ಗಕ್ಕೆ ಬಂದಳು. ಕೆಂಚಣ್ಣ ಕೊಬ್ಬರಿ ಮಂಡಿಯಲ್ಲಿ ಹಮಾಲಿ. ಒಳ್ಳೆಯವನು, ಮಾತು ಕಮ್ಮಿ, ನಗು ಜಾಸ್ತಿ. ಮೂಟೆ ಹೊತ್ತು ಹೊತ್ತು ಅವನ ಬೆನ್ನು ಹಿಡಿದುಕೊಂಡ ವರ್ಷ ಬೋರಕ್ಕ ಇಬ್ಬರು ಮಕ್ಕಳನ್ನು ಅತ್ತೆಯ ಕೈಗೆ ಒಪ್ಪಿಸಿ, ತಾನೊಂದು ಬಿದಿರಿನ ಪುಟ್ಟಿ ತಲೆ ಮೇಲೆ ಇಟ್ಟುಕೊಂಡು ಹೊರಟಳು. ಬಾಚಣಿಗೆ, ರಿಬ್ಬನ್ನು, ಹೇರ್‌ಪಿನ್ನು, ಕಾಡಿಗೆ ಡಬ್ಬಿ, ಕುಂಕುಮ, ಸೂಜಿ, ದಾರ. ಒಂದು ವಾರ ಹೊಳಲ್ಕೆರೆ ದಾರಿ, ಒಂದು ವಾರ ಭೀಮಸಮುದ್ರ, ರೈಲಿನಲ್ಲಿ ಹೋಗಿ ಬರುವ ಮನಸ್ಸಾದರೆ ರಾಮಗಿರಿ. ತವರಿನ ನೆಪ ಮಾಡಿಕೊಂಡು ಆಗಾಗ ಹರಿಯಬ್ಬೆ ಕಡೆಗೂ ಹೋಗುತ್ತಿದ್ದಳು. ಹೆಂಗಸರು ಮನೆ ಅಂಗಳಕ್ಕೆ ಕರೆದು ಕೂರಿಸಿಕೊಳ್ಳುತ್ತಿದ್ದರು. ಪಿನ್ನು ಕೊಳ್ಳುವುದು ಅರ್ಧ ಗಳಿಗೆಯ ಕೆಲಸವಾದರೆ ಮಾತು ಎರಡು ಗಳಿಗೆ.

ಪುಟ್ಟಿಗೆ ಪುಸ್ತಕ ಬಂದದ್ದು ಭೀಮಸಮುದ್ರದಿಂದ. ಅಲ್ಲಿ ಅಡಿಕೆ ವ್ಯಾಪಾರ ಮಾಡುವವರ ಮನೆಯೊಂದರಲ್ಲಿ ಕಮಲಮ್ಮ ಅಂತ ಒಬ್ಬರಿದ್ದರು. ಮಗಳ ಮದುವೆ ಗೊತ್ತಾಗಿತ್ತು. ರಿಬ್ಬನ್ನು ಆರಿಸುತ್ತಾ ಅವರು ಅಂದರು, "ಬೋರಕ್ಕ, ಎಲ್ಲಾ ತರ್ತೀಯ. ಒಂದು ಹಾಡಿನ ಪುಸ್ತಕ ತಂದುಕೊಡೇ ತಾಯಿ. ಹಸೆಗೆ ಕರಿಯೋವಾಗ ಎಲ್ಡು ಹಾಡು ಹೇಳಿ ಒಬ್ಬರ ಮುಖ ಒಬ್ಬರು ನೋಡ್ತೀವಿ. ಗೊತ್ತಿದ್ದ ಮುದುಕೇರೆಲ್ಲ ಹೋಗಿಬಿಟ್ರು."

ಬೋರಕ್ಕ ಚಿತ್ರದುರ್ಗಕ್ಕೆ ಹೋದಳು. ಕೇಳಿಕೊಂಡು ಕೇಳಿಕೊಂಡು ಹೋಗಿ ಒಂದು ಓಣಿಯೊಳಗಿದ್ದ ಗಂಗಾಧರಪ್ಪನವರ ಪ್ರೆಸ್ಸು ಸೇರಿದಳು. ಗಂಗಾಧರಪ್ಪ ವಿಭೂತಿ ಧರಿಸಿದ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡ ಮನುಷ್ಯ. ಮದುವೆ ಕಾರ್ಡು, ರಸೀತಿ ಪುಸ್ತಕ, ಮಠದ ಕರಪತ್ರ ಇಂಥವನ್ನೆಲ್ಲ ಅಚ್ಚು ಹಾಕುತ್ತಿದ್ದರು. ಬಿಡುವಿದ್ದಾಗ ತಾವೇ ಕಾಗದ ತಂದು ಸಣ್ಣ ಸಣ್ಣ ಹಾಡಿನ ಪುಸ್ತಕಗಳನ್ನೂ ಮಾಡಿ ಮಾರುತ್ತಿದ್ದರು. ಕಮಲಮ್ಮನಿಗೆ ಒಂದು ಸಾಕಾಗಿತ್ತು. ಬೋರಕ್ಕ ಹತ್ತು ತಂದಳು. ಭೀಮಸಮುದ್ರ ತಲುಪುವಷ್ಟರಲ್ಲಿ ಅವಳ ಬಳಿ ಕಮಲಮ್ಮನ ಒಂದೇ ಉಳಿದಿತ್ತು. ಉಳಿದವನ್ನು ಬಸ್ಸಿನಲ್ಲೇ ಹೆಂಗಸರು ಕಿತ್ತುಕೊಂಡಿದ್ದರು.

ಅಲ್ಲಿಂದ ಮುಂದೆ ತಿಂಗಳಿಗೊಂದು ಸಲ ಅವಳು ಪ್ರೆಸ್ಸಿಗೆ ಹೋಗತೊಡಗಿದಳು. ಕಾಲಲ್ಲಿ ತುಳಿಯುವ ಟ್ರೆಡಲ್ ಮಷೀನಿನ ಲಟಪಟ ಸದ್ದು, ಸೀಮೆಎಣ್ಣೆ ಮಸಿ ಬೆರೆತ ವಾಸನೆ, ಗೂಡುಗೂಡಿನ ಪೆಟ್ಟಿಗೆಯಿಂದ ಸೀಸದ ಅಕ್ಷರದ ಮೊಳೆ ಹೆಕ್ಕಿ ಸಾಲು ಜೋಡಿಸುತ್ತಿದ್ದ ಗಂಗಾಧರಪ್ಪನವರ ಬೆರಳು, ಎಲ್ಲ ಅವಳಿಗೆ ಹಿಡಿಸಿತು. ಕಾಯುತ್ತಾ ಕೂತಾಗ ಪುಸ್ತಕದ ಮೊದಲ ಪುಟ ಓದುತ್ತಿದ್ದಳು. ನಾಲ್ಕನೇ ಕ್ಲಾಸಿನ ಓದು, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು. ಒಂದು ದಿನ ಕೇಳಿದಳು:

"ಸ್ವಾಮೀ, ಮ್ಯಾಲೆ ಹಾಡಿನ ಹೆಸ್ರು ಐತೆ, ಸರಿ. ಈ ಕೆಳಗೆ ಇಷ್ಟು ಜನದ ಹೆಸ್ರು ಯಾತಕ್ಕೆ?"

"ಅಚ್ಚು ಹಾಕಿದೋನು ಮುದ್ರಕ, ಅದು ನಾನು. ಹಾಕು ಅಂತ ಹೇಳಿ ಕಾಗದದ ಖರ್ಚು ಕೊಟ್ಟೋನು ಪ್ರಕಾಶಕ, ಈ ಪುಸ್ತಕಕ್ಕೆ ಅದೂ ನಾನೇ. ಮಾರೋ ಅಂಗಡಿ ಎಲ್ಲೈತೆ ಅನ್ನಾದು 'ದೊರೆಯುವ ಸ್ಥಳ'. ಹೊಳಲ್ಕೆರೇಲಿ ಒಬ್ಬರು, ಹಿರಿಯೂರಲ್ಲಿ ಒಬ್ಬರು ಇಟ್ಟವ್ರೆ."

"ಅವ್ರು ತಿಂಗಳಿಗೆ ಎಷ್ಟು ಮಾರ್ತಾರೆ?"

ಗಂಗಾಧರಪ್ಪ ನಕ್ಕುಬಿಟ್ಟರು. "ನೀನು ಮಾರಿದ್ದರಲ್ಲಿ ಕಾಲು ಭಾಗ ಇಲ್ಲ."

"ಮತ್ತೆ ನನ್ನ ಹೆಸ್ರು ಎಲ್ಲೈತೆ?"

"ಅಲ್ಲಮ್ಮಾ, ನಿಂಗೆ ಅಂಗಡಿ ಇಲ್ಲ, ಬೋರ್ಡು ಇಲ್ಲ. ಪುಟ್ಟಿ ಹೊತ್ತು ತಿರುಗೋಳಿಗೆ ನಾನು ಯಾವ ವಿಳಾಸ ಹಾಕ್ಲಿ?"

ಬೋರಕ್ಕ ಮುಖ ಸಣ್ಣ ಮಾಡಿಕೊಂಡು ಪುಟ್ಟಿ ಎತ್ತಿಕೊಂಡಳು. ಗಂಗಾಧರಪ್ಪನವರಿಗೆ ಅದು ಮನಸ್ಸಿಗೆ ಚುಚ್ಚಿತೋ ಏನೋ, "ಕುಂತ್ಕಳಮ್ಮ ಒಂದು ನಿಮಿಷ" ಅಂದು ಒಳಗಿನಿಂದ ಒಂದು ಹಳೇ ಪುಸ್ತಕ ತಂದರು. ಅವರ ತಂದೆಯ ಕಾಲದ್ದಕ್ಕಿಂತ ಹಳೆಯದು, ಹಾಳೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮೊದಲ ಪುಟದಲ್ಲಿ ಒಂದೇ ಉದ್ದ ವಾಕ್ಯ. ಇಂಥವರ ದ್ರವ್ಯಸಹಾಯದಿಂದ, ಇಂಥ ಪೇಟೆಯ ಇಂಥವರ ಮುದ್ರಾಕ್ಷರಶಾಲೆಯಲ್ಲಿ ಅಚ್ಚು ಹಾಕಲ್ಪಟ್ಟು, ಇಂಥ ಗುಡಿಯ ಎದುರಿನ ಇಂಥವರಲ್ಲಿ ಕ್ರಯಕ್ಕೆ ದೊರೆಯುವುದು.

"ನೋಡು, ಮನೆ ನಂಬರಿಲ್ಲ, ಗುಡಿ ಎದುರು ಅಂದ್ರೆ ಸಾಕಾಗಿತ್ತು. ಪರದೇಶದಾಗೂ ಹಿಂಗೇ ಇತ್ತಂತೆ. ಮುನ್ನೂರು ನಾನ್ನೂರು ವರ್ಷದ ಹಿಂದೆ ಅಲ್ಲಿ ಬೀದಿಗೆ ನಂಬರು ಇರಲಿಲ್ಲ. ಅಂಗಡಿ ಮುಂದೆ ಕುದುರೆದೋ, ಹಕ್ಕಿದೋ ಚಿತ್ರ ನೇತು ಹಾಕೋರು. ಪುಸ್ತಕದ ಕೆಳಗೆ 'ಬಿಳಿ ಕುದುರೆ ಗುರುತಿನ ಅಂಗಡಿಯಲ್ಲಿ ಮಾರಲಾಗುತ್ತದೆ' ಅಂತ ಅಚ್ಚು ಹಾಕೋರಂತೆ. ಓದಾಕೆ ಬರದೋರೂ ಕುದುರೆ ನೋಡ್ಕಂಡು ಬರಬೇಕಲ್ಲ."

ಬೋರಕ್ಕ ಪುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದಳು. ಇಬ್ಬರೂ ಒಟ್ಟಿಗೇ ಅದರ ಕಡೆ ನೋಡಿದರು.

ಮುಂದಿನ ಸಲ ಅಚ್ಚಾದ ಪುಸ್ತಕದ ಕೆಳಗೆ ಹೀಗಿತ್ತು: ದೊರೆಯುವ ಸ್ಥಳ: ಬೋರಕ್ಕನ ಪುಟ್ಟಿ, ಹೊಸದುರ್ಗ ಬಸ್ ನಿಲ್ದಾಣ ಮತ್ತು ಸುತ್ತಮುತ್ತಲ ಸಂತೆಗಳು.

ಅಂದಿನಿಂದ ಸಂತೆಯಲ್ಲಿ ಹೆಂಗಸರು "ಬೋರಕ್ಕನ ಪುಟ್ಟಿ ಎಲ್ಲಿ ಕುಂತೈತೆ?" ಅಂತಲೇ ಕೇಳಿಕೊಂಡು ಬರುತ್ತಿದ್ದರು. ರಾಮಗಿರಿಯಿಂದ ಯಾರೋ ಪುಣ್ಯಾತ್ಮೆ ಬರೀ "ಬೋರಕ್ಕನ ಪುಟ್ಟಿ, ಹೊಸದುರ್ಗ" ಅಂತ ಬರೆದು ಒಂದು ಕಾರ್ಡು ಹಾಕಿದ್ದಳು, ಗೌರಿ ಹಬ್ಬಕ್ಕೆ ಎರಡು ಪುಸ್ತಕ ಬೇಕು ಅಂತ. ಪೋಸ್ಟ್‌ಮ್ಯಾನ್ ಅದನ್ನು ಬಸ್ ಸ್ಟ್ಯಾಂಡಿಗೇ ತಂದುಕೊಟ್ಟ. ಕೆಂಚಣ್ಣ ಮಂಡಿಯಲ್ಲಿ ನಾಲ್ಕು ದಿನ ಅದನ್ನು ಜೇಬಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸಿದ.

ಮಾರುತ್ತಾ ಮಾರುತ್ತಾ ಬೋರಕ್ಕನಿಗೆ ಒಂದು ಗೊತ್ತಾಯಿತು. ಪುಸ್ತಕದ ಹಾಡು ಸಪ್ಪೆ. ಅಂಗಳದಲ್ಲಿ ಹೆಂಗಸರು ಅವಳಿಗೆ ಹೇಳಿ ತೋರಿಸುವ ಹಾಡಿಗೆ ಉಪ್ಪು ಖಾರ ಎಲ್ಲ ಇತ್ತು. ಅದರಲ್ಲೂ ಬೀಗರನ್ನು ಹಾಸ್ಯ ಮಾಡುವ ಪದಗಳು. ಹರಿಯಬ್ಬೆಯಲ್ಲಿ ಅವಳ ಚಿಕ್ಕಪ್ಪನ ಮಗಳು, ಊರೊಳಗೇ ಮದುವೆಯಾದ ಜಯಕ್ಕ ಇದ್ದಳಲ್ಲ, ಅವಳಂತೂ ಬೀಗರು ಎಲೆ ಮುಂದೆ ಕೂತು ಅನ್ನಕ್ಕೆ ಸಾರು ಹಾಕಿಸಿಕೊಳ್ಳುವಷ್ಟರಲ್ಲಿ ಅವರ ಮೂಗು, ಮೀಸೆ, ಪೇಟದ ಮೇಲೆ ಪದ ಕಟ್ಟಿಬಿಡುತ್ತಿದ್ದಳು. ಇಂಥವನ್ನೆಲ್ಲ ಕೂಡಿಸಿ ಒಂದು ಪುಸ್ತಕ ಮಾಡಬೇಕು ಅನ್ನಿಸಿತು ಬೋರಕ್ಕನಿಗೆ. ಗಂಗಾಧರಪ್ಪನವರಿಗೆ ಹೇಳಿದಳು.

"ಕಾಗದದ ರೇಟು ಏರೈತಮ್ಮ, ನನ್ನ ಕೈಲಿ ಆಗಲ್ಲ. ಖರ್ಚು ನೀನು ಹಾಕೋದಾದ್ರೆ ನೀನೇ ಪ್ರಕಾಶಕಿ."

"ಬರೀ ಹೆಸ್ರೋ, ಬೇರೆ ಏನಾದ್ರೂ ಐತೋ ಅದ್ರಾಗೆ?"

ಗಂಗಾಧರಪ್ಪ ಕನ್ನಡಕ ತೆಗೆದು ಒರೆಸಿದರು. "ಐತೆ. ಪುಸ್ತಕದಿಂದ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರ್ನ ಕೇಳ್ಬೇಕು ಅನ್ನಾದಕ್ಕೆ ಈ ಹೆಸರು ಹಾಕೋದು. ಪದ ಕಟ್ಟಿದೋರ ಹೆಸರಿಲ್ಲದಿದ್ರೂ ನಡೀತೈತೆ. ಮುದ್ರಕ, ಪ್ರಕಾಶಕರ ಹೆಸರಿಲ್ಲದೆ ಪುಸ್ತಕ ಹೊರಗೆ ಹೋದ್ರೆ ಅದೇ ಒಂದು ಅಪರಾಧ. ಮೊದ್ಲಿಂದಾನೂ ಹಂಗೇ. ಹಿಂದೆ ರಾಜರ ಕಾಲ್ದಾಗೆ ಹೆದರಿದೋರು ಇಲ್ಲದ ಊರಿನ ಹೆಸರು, ಇಲ್ಲದ ಮನುಷ್ಯನ ಹೆಸರು ಹಾಕಿ ತಪ್ಪಿಸಿಕೊಳ್ತಿದ್ರಂತೆ."

"ನಾನಿದ್ದೀನಲ್ಲ, ನನ್ನ ಹೆಸ್ರೇ ಹಾಕ್ರಿ," ಅಂದಳು ಬೋರಕ್ಕ.

ತವರಿನವರು ಕೊಟ್ಟಿದ್ದ ಎರಡು ಕುರಿ ಮಾರಿದಳು. ಕೆಂಚಣ್ಣ ಬೇಡ ಅನ್ನಲಿಲ್ಲ. ಕಂಪೋಸು ಮಾಡುವಾಗ ಗಂಗಾಧರಪ್ಪ, "ಶ್ರೀಮತಿ ಬೋರಕ್ಕ, ಕೆಂಚಣ್ಣನವರ ಧರ್ಮಪತ್ನಿ ಅಂತ ಹಾಕಾಣೇನು?" ಅಂತ ಕೇಳಿದರು.

"ಯಾಕೆ, ಪುಟ್ಟಿ ಅವ್ನೇನು ಹೊರ್ತಾನೇನ್ರಿ?" ಅಂದಳು. ಹಾಗಾಗಿ ಬರೀ ಬೋರಕ್ಕ ಅಂತಲೇ ಆಯಿತು.

ಎಲ್ಲ ಮುಗಿಯಿತು ಅನ್ನುವಾಗ ಕೊನೆಯ ಪುಟ ಖಾಲಿ ಉಳಿದಿತ್ತು. "ಇನ್ನೊಂದು ಪದ ಇದ್ರೆ ಹೇಳಮ್ಮ, ಬಿಳೀ ಹಾಳೆ ಯಾಕೆ ಕೊಡಾಣ" ಅಂದರು ಗಂಗಾಧರಪ್ಪ. ಬೋರಕ್ಕ ಜಯಕ್ಕನ ಹೊಸ ಪದ ಹೇಳಿದಳು. ಆಗ ತುರ್ತುಪರಿಸ್ಥಿತಿಯ ಕಾಲ. ಊರೂರಿಗೆ ಜೀಪು ಬಂದು ಗಂಡಸರನ್ನು ಸಂತಾನಹರಣ ಆಪರೇಷನ್ ಕ್ಯಾಂಪಿಗೆ ಕರೆದೊಯ್ಯುತ್ತಿದ್ದರು. ಜೀಪಿನ ಸದ್ದು ಕೇಳಿದರೆ ಸಾಕು, ಗಂಡಸರು ಹೊಲ ಬಿದ್ದು ಓಡುತ್ತಿದ್ದರು. ಜಯಕ್ಕನ ಪದ ಹೀಗಿತ್ತು:

ಜೀಪಿನ ಸದ್ದ ಕೇಳಿ ಜೋಳದ ಹೊಲ ಹೊಕ್ಕ
ಬೀಗಪ್ಪನ ನೋಡೆ ಬಾರವ್ವ
ಬೇಲಿಗೆ ಸಿಕ್ಕ ಪಂಚೆ ಬಾವುಟವಾಗೈತೆ
ಕ್ಯಾಂಪಿನೋರ್ಗೆ ದಾರಿ ತೋರೈತೆ

ಗಂಗಾಧರಪ್ಪ ನಗುತ್ತಾ ನಗುತ್ತಾ ಮೊಳೆ ಜೋಡಿಸಿದರು. ನಗುವ ಭರದಲ್ಲಿ ಇಬ್ಬರಿಗೂ ಕಾಲ ಎಂಥದು ಅನ್ನುವುದು ಮರೆತೇ ಹೋಯಿತು.

ಪುಸ್ತಕ ಚೆನ್ನಾಗಿ ಹೋಯಿತು. ಅದರಲ್ಲೂ ಕೊನೇ ಪುಟದ ಪದ ಬೆಂಕಿ ಹಚ್ಚಿದ ಹಾಗೆ ಹಬ್ಬಿತು. ಒಂದು ಊರಿನಲ್ಲಿ ಮದುವೆ ಚಪ್ಪರದ ಮುಂದೆ ಕ್ಯಾಂಪಿನ ಜೀಪು ಹಾದು ಹೋಗುವಾಗ ಹೆಂಗಸರು ಅದನ್ನೇ ಹಾಡುತ್ತಿದ್ದರಂತೆ. ಜೀಪಿನೊಳಗಿದ್ದ ದೊಡ್ಡ ಸಾಹೇಬರು ನಿಲ್ಲಿಸಿ, "ಏನದು ಹಾಡು?" ಅಂತ ಕೇಳಿದರು. ಪಾಪದ ಹೆಂಗಸೊಬ್ಬಳು ಖುಷಿಯಿಂದ ಪುಸ್ತಕವನ್ನೇ ಕೈಗೆ ಕೊಟ್ಟಳು. ಸಾಹೇಬರು ಕೊನೆಯ ಪುಟ ಓದಿದರು, ಆಮೇಲೆ ಮೊದಲ ಪುಟದ ಕೆಳಗಿನ ಸಾಲು ಓದಿದರು, ಪುಸ್ತಕ ಜೇಬಿಗಿಟ್ಟುಕೊಂಡು ಹೋದರು.

ಹೊಸದುರ್ಗ ಠಾಣೆಗೆ ಹೊಸದಾಗಿ ಬಂದಿದ್ದ ಪೇದೆಯೊಬ್ಬ ಅರ್ಧ ದಿನ ಅಂಗಡಿ ಹುಡುಕಿದ. ಬೋರಕ್ಕನ ಪುಟ್ಟಿ ಅನ್ನುವ ಬೋರ್ಡು ಎಲ್ಲೂ ಸಿಕ್ಕಲಿಲ್ಲ. ಕೇಳಿದವರೆಲ್ಲ ನಕ್ಕರು. ಕೊನೆಗೆ ಬಸ್ ಸ್ಟ್ಯಾಂಡಿನ ಹುಣಸೇಮರದ ಕೆಳಗೆ ಪಿನ್ನು ಎಣಿಸುತ್ತಾ ಕೂತವಳ ಮುಂದೆ ನಿಂತ.

"ಅಂಗಡಿ ಎಲ್ಲಮ್ಮ?"

"ಇದೇ ಕಣ್ರಿ," ಅಂದಳು ಪುಟ್ಟಿ ತೋರಿಸಿ.

ಅವನು ತಲೆ ಕೆರೆದುಕೊಂಡ. "ಅಂಗಡಿಗೆ ಬೀಗ ಹಾಕಿ ಸೀಲ್ ಮಾಡ್ಕಂಡು ಬಾ ಅಂದವ್ರೆ. ಇದಕ್ಕೆ ಎಲ್ಲಿ ಹಾಕ್ಲಿ ಬೀಗ? ಹೋಗ್ಲಿ, ಗುರುವಾರ ಠಾಣೆಗೆ ಬರಬೇಕು. ಪುಸ್ತಕದ ವಿಷಯ. ಸಾಹೇಬ್ರು ಕೇಳ್ತಾರೆ."

ಬೋರಕ್ಕ ಎಣಿಸುತ್ತಿದ್ದ ಪಿನ್ನುಗಳನ್ನು ಪುಟ್ಟಿಗೆ ಸುರಿದು ಎದ್ದಳು. ಆ ದಿನಗಳಲ್ಲಿ ಠಾಣೆಗೆ ಹೋದವರು ಬಳ್ಳಾರಿ ಜೈಲಿನಲ್ಲಿದ್ದಾರೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಓಡಾಡುತ್ತಿತ್ತು. ಮನೆಗೆ ಬಂದು ಉಳಿದಿದ್ದ ಪುಸ್ತಕದ ಕಟ್ಟು ಬಿಚ್ಚಿದಳು. ಕೆಂಚಣ್ಣ ಕತ್ತರಿ ತಂದುಕೊಟ್ಟ.

"ಕೆಳಗಿನ ಸಾಲು ಕತ್ತರಿಸಿಬಿಡು. ನಮ್ಮತ್ರ ಇರೋದ್ರಾಗೆ ಹೆಸ್ರೇ ಇಲ್ಲ, ನಮ್ದಲ್ಲ ಅಂದ್ರಾಯ್ತು."

ಅವಳು ಒಂದು ಪುಸ್ತಕದ ಮೊದಲ ಪುಟಕ್ಕೆ ಕತ್ತರಿ ಇಟ್ಟಳು. ಒತ್ತಲಿಕ್ಕೆ ಆಗಲಿಲ್ಲ. ಹೆದರಿಕೆಯಿಲ್ಲ ಅಂತಲ್ಲ. ಹೆಸರಿಲ್ಲದ ಪುಸ್ತಕವೇ ಅಪರಾಧ ಅಂತ ಗಂಗಾಧರಪ್ಪ ಹೇಳಿದ್ದು ಒಂದು ಕಡೆ ನೆನಪಾಯಿತು. ಇನ್ನೊಂದು ಕಡೆ, ಈ ಸಾಲು ಹೋದರೆ ಪೊಲೀಸರು ಪದ ಕಟ್ಟಿದವರು ಯಾರು ಅಂತ ಹುಡುಕಿಕೊಂಡು ಸೀದಾ ಹರಿಯಬ್ಬೆಗೆ ಹೋಗುತ್ತಾರೆ ಅನ್ನಿಸಿತು.

ಮರುದಿನ ಚಿತ್ರದುರ್ಗಕ್ಕೆ ಹೋದಳು. ಪ್ರೆಸ್ಸಿಗೆ ಬೀಗ. ಪಕ್ಕದ ಸೈಕಲ್ ಅಂಗಡಿಯವನು, "ಬೆಳಿಗ್ಗೆ ಪೊಲೀಸ್ನೋರು ಬಂದಿದ್ರು. ಪುಸ್ತಕ ಆಯಮ್ಮಂದು, ನಾನು ಬರೇ ಅಚ್ಚು ಹಾಕಿದೋನು ಅಂತ ಏನೋ ಹೇಳ್ತಿದ್ರು. ಪೂರ್ತಿ ಕೇಳಿಸ್ಲಿಲ್ಲ," ಅಂದ. ವಾಪಸು ಬರುವ ಬಸ್ಸಿನಲ್ಲಿ ಬೋರಕ್ಕ ಕಿಟಕಿ ಹೊರಗೆ ನೋಡುತ್ತಾ ಕೂತಳು. ಗಂಗಾಧರಪ್ಪನವರ ಮೇಲೆ ಸಿಟ್ಟು ಬರಲಿಲ್ಲ. ಅವರಿಗೂ ಹೆಂಡತಿ ಮಕ್ಕಳು ಇದ್ದಾರೆ ಅಂದುಕೊಂಡಳು.

ಗುರುವಾರ ಕೆಂಚಣ್ಣನ ಜೊತೆ ಠಾಣೆಗೆ ಹೋದಳು. ಪುಟ್ಟಿಯನ್ನೂ ತಂದಿದ್ದಳು, ಅಂಗಡಿ ತೋರಿಸು ಅಂದರೆ ಇರಲಿ ಅಂತ. ಎಸ್ಸೈ ನಡುವಯಸ್ಸಿನವರು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಮೇಜಿನ ಮೇಲೆ ಅದೇ ಪುಸ್ತಕ.

"ಪ್ರಕಾಶಕರು ಬೋರಕ್ಕ. ನೀನೇನಾ?"

"ಹೂಂ ಸ್ವಾಮಿ."

"ಈ ಕೊನೇ ಪದ ಯಾರು ಕಟ್ಟಿದ್ದು?"

"ಮದ್ವೆ ಪದಕ್ಕೆ ಕಟ್ಟಿದೋರು ಯಾರಿರ್ತಾರೆ ಸ್ವಾಮಿ? ನಮ್ಮಜ್ಜಿ ಹೇಳೋರು, ಅವರಜ್ಜಿ ಹೇಳೋರು."

"ನಿಮ್ಮಜ್ಜಿ ಕಾಲದಾಗೆ ಜೀಪು ಇತ್ತೇನಮ್ಮ? ಆಪರೇಷನ್ ಕ್ಯಾಂಪ್ ಇತ್ತಾ?"

ಹಿಂದೆ ನಿಂತಿದ್ದ ಪೇದೆ ಕೆಮ್ಮಿದ. ಬೋರಕ್ಕ ತಲೆ ತಗ್ಗಿಸಿದಳು. ಸಿಕ್ಕಿಬಿದ್ದಿದ್ದಳು. ಎಸ್ಸೈ ಮತ್ತೆ ಕೇಳಿದರು, ಈ ಸಲ ದನಿ ಗಟ್ಟಿಯಾಗಿತ್ತು. "ಹೆಸರು ಹೇಳು. ಕಟ್ಟಿದೋರು ಯಾರು ಹೇಳಿಬಿಟ್ರೆ ನಿಂದು ಹಗುರ ಆಗ್ತೈತೆ."

ಜಯಕ್ಕನ ಮುಖ ಕಣ್ಣ ಮುಂದೆ ಬಂತು. ಕೈಗೂಸು ಬೇರೆ ಇತ್ತು ಅವಳಿಗೆ. ಬೋರಕ್ಕ ತಲೆಯೆತ್ತಿ ಮೇಜಿನ ಮೇಲಿನ ಪುಸ್ತಕದ ಕಡೆ ಬೆರಳು ತೋರಿಸಿದಳು.

"ಕೆಳಗೆ ನನ್ನ ಹೆಸ್ರು ಐತಲ್ರಿ ಸ್ವಾಮಿ. ಕೇಳಾದಿದ್ರೆ ಇವಳನ್ನ ಕೇಳ್ರಿ ಅಂತಾನೇ ಅದನ್ನ ಹಾಕ್ಸಿರಾದು. ಬೇರೆ ಯಾರ್ನೂ ಕೇಳಬ್ಯಾಡ್ರಿ."

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಎಸ್ಸೈ ಅವಳನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಏದುಸಿರು ಬಿಡುತ್ತಾ, ಕೊಡೆ ಕಂಕುಳಲ್ಲಿ ಇರುಕಿಕೊಂಡು, ಗಂಗಾಧರಪ್ಪ ಒಳಗೆ ಬಂದರು.

"ಬಸ್ಸು ದಾರೀಲಿ ಕೆಟ್ಟು ನಿಲ್ತು ಸರ್, ಕ್ಷಮಿಸ್ರಿ. ಮುದ್ರಕ ನಾನು. ಆಯಮ್ಮಂದೊಂದೇ ತಪ್ಪಲ್ಲ. ಕೊನೇ ಪುಟ ಖಾಲಿ ಐತೆ, ಒಂದು ಪದ ಹೇಳು ಅಂತ ಕೇಳಿದೋನೇ ನಾನು."

ಬೋರಕ್ಕ ಅವರನ್ನೇ ನೋಡಿದಳು. ಹಿಂದಿನ ದಿನವೆಲ್ಲ ಅವರನ್ನು ಚಿತ್ರದುರ್ಗದಲ್ಲಿ ಕೂರಿಸಿಕೊಂಡಿದ್ದರಂತೆ. ಅಲ್ಲೂ ಅವರು ಇದೇ ಮಾತು ಹೇಳಿ ಬಂದಿದ್ದರು. ಸೈಕಲ್ ಅಂಗಡಿಯವನು ಕೇಳಿಸಿಕೊಂಡದ್ದು ಅರ್ಧ. "ಪುಸ್ತಕ ಆಯಮ್ಮಂದು, ನಾನು ಬರೇ ಅಚ್ಚು ಹಾಕಿದೋನು ಅಂತ ಹೇಳಿ ಕೈ ತೊಳ್ಕಳ್ಳಾಕೆ ಬರಲ್ಲ ಸರ್" ಅಂತ ಅವರು ಅಂದಿದ್ದು. ಅವಳ ಎದೆಯ ಮೇಲಿಂದ ಯಾರೋ ಗೋಣಿಚೀಲ ಇಳಿಸಿದ ಹಾಗಾಯಿತು. ಜೈಲೇ ಆಗಲಿ, ಒಬ್ಬಳೇ ಹೋಗಬೇಕಾಗಿಲ್ಲ ಅನ್ನಿಸಿತು.

ಎಸ್ಸೈ ಕರವಸ್ತ್ರದಿಂದ ಮೂಗು ಒರೆಸಿಕೊಂಡು ಪುಸ್ತಕ ಕೈಗೆತ್ತಿಕೊಂಡರು. ಪದವನ್ನು ಇನ್ನೊಂದು ಸಲ ನಿಧಾನವಾಗಿ ಓದಿದರು. ಪೇದೆಯ ಕಡೆ ತಿರುಗಿದರು.

"ಏನಪ್ಪ, ಈ ಪದದಾಗೆ ನಗೆಗೀಡಾಗಿರೋನು ಯಾರು?"

"ಓಡಿಹೋದ ಬೀಗಪ್ಪ ಸರ್."

"ಕ್ಯಾಂಪಿನೋರಿಗೆ ಏನಾದ್ರೂ ಅಂದವ್ರಾ?"

"ಇಲ್ಲ ಸರ್. ಅವ್ರಿಗೆ ದಾರಿ ತೋರ್ಸೈತೆ ಪಂಚೆ."

"ಹಂಗೇ ಬರಿ. ಕ್ಯಾಂಪಿನಿಂದ ತಪ್ಪಿಸಿಕೊಂಡು ಓಡುವವರನ್ನು ಹಾಸ್ಯ ಮಾಡುವ ಪದ, ಸರ್ಕಾರಕ್ಕೆ ವಿರೋಧ ಕಂಡುಬಂದಿಲ್ಲ." ಆಮೇಲೆ ಈ ಇಬ್ಬರ ಕಡೆ ನೋಡಿ ದನಿ ತಗ್ಗಿಸಿದರು. "ಮೇಲಿನೋರಿಗೆ ಏನಾದ್ರೂ ಮಾಡ್ದೆ ಅಂತ ತೋರಿಸ್ಬೇಕು. ಉಳಿದಿರೋ ಪುಸ್ತಕದಾಗೆ ಆ ಒಂದು ಹಾಳೆ ತೆಗೆದುಬಿಡ್ರಿ. ಬೇರೆ ಯಾವುದಾದ್ರೂ ದೇವರ ಹಾಡು ಹಾಕ್ರಿ. ತೆಗೀತೀವಿ ಅಂತ ಇಲ್ಲಿ ಇಬ್ಬರೂ ಸಹಿ ಮಾಡ್ರಿ. ಇನ್ನು ಮನೆಗೆ ಹೋಗ್ರಿ."

ಬೋರಕ್ಕ ಸಹಿ ಮಾಡಿದಳು. ಹೊರಡುವಾಗ ಪೇದೆ ಹಿಂದೆಯೇ ಬಂದು, ತನ್ನ ಹೆಂಡತಿಗೆ ಒಂದು ಜೊತೆ ಪಿನ್ನು, ಕೆಂಪು ರಿಬ್ಬನ್ನು ಕೇಳಿದ. ಕೊಟ್ಟಳು. ಅವನು ಕಾಸು ಕೊಡಲು ಬಂದದ್ದನ್ನು ಬೇಡ ಅನ್ನಲಿಲ್ಲ, ಇಸಕೊಂಡಳು. ಆಮೇಲೆಯೇ ಆ ಮಂಡಕ್ಕಿ, ಮೆಣಸಿನಕಾಯಿ. ಗಂಗಾಧರಪ್ಪ ಹೋಟೆಲಿನಲ್ಲಿ ಬರೀ ಚಾ ಕುಡಿದರು. ಅದರಲ್ಲೂ ಅರ್ಧ ಬಸಿಗೆ ಚೆಲ್ಲಿತ್ತು.

"ನೀವು ಬರಲ್ಲ ಅಂದ್ಕಂಡಿದ್ದೆ ಸ್ವಾಮಿ," ಅಂದಳು ಬೋರಕ್ಕ.

"ನಾನೂ ಬರಲ್ಲ ಅಂದ್ಕಂಡಿದ್ದೆ ಕಣಮ್ಮ," ಅಂದರು ಅವರು. "ಬಸ್ಸು ಕೆಟ್ಟಾಗ ಒಳಗೊಳಗೇ ಖುಷಿಯಾಯ್ತು, ಹೊತ್ತಾಯ್ತು ಇನ್ನು ಹೋಗೋದು ಬೇಡ ಅಂತ. ಇನ್ನೊಂದು ಬಸ್ಸು ಅಷ್ಟು ಬೇಗ ಬಂದುಬಿಡ್ತು." ಮೂವರೂ ನಕ್ಕರು. ಬಹಳ ಹೊತ್ತು ನಕ್ಕರು, ಹೋಟೆಲಿನವನು ತಿರುಗಿ ನೋಡುವಷ್ಟು.

ಆ ಭಾನುವಾರ ಪ್ರೆಸ್ಸಿನಲ್ಲಿ ಕೂತು ಮೂವರೂ ಪುಸ್ತಕದ ಕೊನೆಯ ಹಾಳೆ ಬಿಡಿಸಿದರು. ಗಂಗಾಧರಪ್ಪ ಹಾಳೆಯ ಬುಡದಲ್ಲಿ ಬ್ಲೇಡು ಎಳೆದು ತೆಗೆಯುವರು, ಬೋರಕ್ಕ ಉಳಿದ ಅಂಚಿಗೆ ಅಂಟು ಸವರುವಳು, ಕೆಂಚಣ್ಣ ಹೊಸದಾಗಿ ಅಚ್ಚಾದ ಗೌರಿ ಆರತಿಯ ಹಾಳೆಯನ್ನು ಕೂಡಿಸಿ ಒತ್ತುವನು. ಮೂಟೆ ಹೊತ್ತ ಕೈಯಾದರೂ ಅವನ ಕೆಲಸವೇ ಎಲ್ಲಕ್ಕಿಂತ ನಾಜೂಕಾಗಿತ್ತು. "ಹಿಂದೆಲ್ಲ ಹಿಂಗೇ ಮಾಡ್ತಿದ್ರು," ಅಂದರು ಗಂಗಾಧರಪ್ಪ. "ತಪ್ಪಾದ ಹಾಳೆ ಕತ್ತರಿಸಿ ಹೊಸದು ಅಂಟಿಸೋರು."

ಆರತಿ ಹಾಡು ಅಂಟಿಸಿದ ಪುಸ್ತಕವೂ ಮಾರಾಟವಾಯಿತು. ಆದರೆ ಕೊಳ್ಳುವ ಹೆಂಗಸರು ಕೊನೆಯ ಪುಟ ತಿರುವಿ, ಅಂಟಿಸಿದ ಜಾಗದ ಮೇಲೆ ಬೆರಳಾಡಿಸಿ, "ಇದೇ ಅಲ್ವ ಆ ಪುಸ್ತಕ?" ಅಂತ ಮೆಲ್ಲಗೆ ಕೇಳುತ್ತಿದ್ದರು. ಬೋರಕ್ಕ ಸುಮ್ಮನೆ ಚಿಲ್ಲರೆ ಕೊಡುತ್ತಿದ್ದಳು. ಅವಳು ಅಂಗಳ ದಾಟಿ ಬೀದಿಗೆ ಇಳಿಯುವಷ್ಟರಲ್ಲಿ ಒಳಗಿನಿಂದ ಜೀಪಿನ ಸದ್ದ ಕೇಳಿ ಅನ್ನುವುದು ಶುರುವಾಗಿರುತ್ತಿತ್ತು. ಅದನ್ನು ಯಾರೂ ಪುಸ್ತಕ ನೋಡಿ ಹಾಡುತ್ತಿರಲಿಲ್ಲ.

ಎಪ್ಪತ್ತೇಳರಲ್ಲಿ ಆ ಕಾಲ ಮುಗಿಯಿತು. ಜೀಪು ಬರುವುದು ನಿಂತಿತು. ಮರುವರ್ಷ ಎರಡನೇ ಸಲ ಅಚ್ಚು ಹಾಕಿಸುವಾಗ ಪದ ಮತ್ತೆ ಅದರ ಜಾಗಕ್ಕೆ ಬಂತು. ಬೋರಕ್ಕ ಹರಿಯಬ್ಬೆಗೆ ಹೋಗಿ ಜಯಕ್ಕನನ್ನು ಕೇಳಿದಳು, "ಈಗ ಹೆದರಿಕೆ ಇಲ್ಲ ಕಣೇ. ಪದದ ಕೆಳಗೆ ನಿನ್ನ ಹೆಸ್ರು ಹಾಕಾಣೇನು?"

ಜಯಕ್ಕ ಕೈ ಮುಗಿದುಬಿಟ್ಟಳು. "ಬ್ಯಾಡ ಕಣಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಹೊಲ ಹೊಕ್ಕಿದ್ದು ನಮ್ಮ ಮಾವ. ಪದ ಕಟ್ಟಿದೋಳು ನಾನು ಅಂತ ಇನ್ನೂ ಅವರಿಗೆ ಗೊತ್ತಿಲ್ಲ." ಒಳಗಿನಿಂದ ಮಾವನೇ, "ಯಾರು ಬಂದಾರೆ?" ಅಂತ ಕೂಗಿದರು. "ಬೋರಕ್ಕ ಬಂದವ್ಳೆ, ಊಟಕ್ಕೆ ಕುಂತ್ಕಳ್ರಿ ನೀವು," ಅಂತ ಜಯಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಹೇಳಿದಳು.

ಆಮೇಲೆ ಬೋರಕ್ಕ ಇನ್ನೂ ಮೂರು ಪುಸ್ತಕ ಮಾಡಿಸಿದಳು. ಒಂದರಲ್ಲೂ ಅಂಥ ತಕರಾರು ಬರಲಿಲ್ಲ. ಹಿರೀ ಮಗಳು ಹೈಸ್ಕೂಲು ಸೇರಿದ ವರ್ಷ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಪೆಟ್ಟಿಗೆ ಅಂಗಡಿ ಬಾಡಿಗೆಗೆ ಸಿಗುತ್ತದೆ ಅಂತ ಕೆಂಚಣ್ಣ ಸುದ್ದಿ ತಂದ. ಬೋರಕ್ಕ ಹೋಗಿ ನೋಡಿದಳು. ಒಳಗೆ ಕೂತು ನೋಡಿದಳು. ಸೆಕೆ ಜಾಸ್ತಿ ಅಂದಳು. ಮರುದಿನ ಬೆಳಿಗ್ಗೆ ಪುಟ್ಟಿ ಹೊತ್ತುಕೊಂಡು ರಾಮಗಿರಿ ಕಡೆಯ ರೈಲಿಗೆ ಹೋದಳು, ಅಲ್ಲಿ ಒಂದು ಮದುವೆ ಮನೆಯವರು ಹೇಳಿ ಕಳಿಸಿದ್ದರು.